ಹಳೇ ರೇಡಿಯೊ ಕಂಟ್ರೋಲ್ ಸೆಟ್‌ಗೆ ಮತ್ತೆ ಜೀವ: 27 ಮೆಗಾಹರ್ಟ್ಸ್, ನಾಲ್ಕು ತಂತಿಯ ಸರ್ವೊ, ಅಂಟಿ ಕೂತ ಎಂಜಿನ್

ಹೊಸರೆಕ್ಕೆ
ಎಲ್ಲರಿಗೂ ನಮಸ್ಕಾರ. ಕೈಯಲ್ಲಿರೋದು ಇಷ್ಟು: ಎಪ್ಪತ್ತರ ದಶಕದ ನಾಲ್ಕು ಚಾನೆಲ್ ಪ್ರಪೋರ್ಷನಲ್ (ಸ್ಟಿಕ್ ತಳ್ಳಿದಷ್ಟೇ ಫಲಕ ತಿರುಗೋ) ರೇಡಿಯೊ ಸೆಟ್, 27 ಮೆಗಾಹರ್ಟ್ಸ್, ಕಿತ್ತಳೆ ಪಟ್ಟಿ. ಸರ್ವೊಗಳಿಗೆ (ರಡ್ಡರ್, ಥ್ರಾಟಲ್ ಇತ್ಯಾದಿ ಅಲ್ಲಾಡಿಸೋ ಪುಟ್ಟ ಮೋಟಾರು ಪೆಟ್ಟಿಗೆ) ನಾಲ್ಕು ತಂತಿ. ರಿಸೀವರ್ ಬ್ಯಾಟರಿ ಸೋರಿ ಬಿಳೀ ಪುಡಿ ಕಟ್ಟಿದೆ. ರೇಷ್ಮೆ ಹೊದಿಸಿ ಡೋಪ್ (ಬಟ್ಟೆ ಬಿಗಿ ಮಾಡೋ ವಾರ್ನಿಷ್) ಬಳಿದ ಬಾಲ್ಸಾ ವಿಮಾನ, ಅದರಲ್ಲಿ .35 (0.35 ಘನ ಇಂಚಿನ) ಗ್ಲೋ ಎಂಜಿನ್, ಪ್ರೊಪೆಲರ್ ಅಲ್ಲಾಡ್ತಾ ಇಲ್ಲ. ಕೇಳ್ಬೇಕಾದ್ದು ಎರಡು: ಮೊದಲು ಏನು ಮಾಡ್ಬೇಕು? ಇದನ್ನ ಇದೇ ರೇಡಿಯೊದಲ್ಲಿ ಹಾರಿಸೋದು ಸರೀನಾ?

ತಾಮ್ರತಂತಿ
ಮೊದಲನೇ ಮಾತು: ಸ್ವಿಚ್ ಹಾಕಬೇಡಿ. ಹಳೇ ಚಾರ್ಜರ್ ಸಿಕ್ಕಿದ್ದರೆ ಅದನ್ನೂ ಗೋಡೆಗೆ ಚುಚ್ಚಬೇಡಿ.

ಬಿಳೀ ಪುಡಿ ನಿಕ್ಯಾಡ್ (ನಿಕಲ್ ಕ್ಯಾಡ್ಮಿಯಂ) ಸೆಲ್ಲಿನ ಕ್ಷಾರ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಗೆ ಬಂದು ಗಾಳಿ ತಾಗಿ ಗಟ್ಟಿಯಾದದ್ದು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬ್ಯಾಟರಿ ಪ್ಯಾಕ್ ಕತ್ತರಿಸಿ ತೆಗೆದು ಪ್ರತ್ಯೇಕ ಇಡಿ. ಕ್ಯಾಡ್ಮಿಯಂ ವಿಷ, ಹಾಗಾಗಿ ಮನೆ ಕಸದ ಬುಟ್ಟಿಗೆ ಬೇಡ. ಪುಡಿ ತಾಗಿದ ಜಾಗಕ್ಕೆಲ್ಲ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ವಿನೆಗರ್ ಹಚ್ಚಿ. ನೊರೆ ನಿಂತ ಮೇಲೆ ಡಿಸ್ಟಿಲ್ಡ್ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಒಂದು ದಿನ ಒಣಗಲಿ.

ಆಮೇಲೆ ತಂತಿ. ಜನ ಮೋಸ ಹೋಗೋದು ಇಲ್ಲೇ. ಬ್ಯಾಟರಿಯ ನೆಗೆಟಿವ್ ತಂತಿಯ ತುದಿಯನ್ನ ಐದು ಮಿಲಿಮೀಟರ್ ಸುಲಿದು ನೋಡಿ. ಒಳಗಿನ ತಾಮ್ರ ಕಪ್ಪಾಗಿದ್ದರೆ ಕ್ಷಾರ ಇನ್ಸುಲೇಷನ್ ಒಳಗೇ ತೆವಳಿಕೊಂಡು ಹೋಗಿದೆ ಎಂದರ್ಥ. ಹೊರಗಿಂದ ತಂತಿ ಹೊಸದರ ಹಾಗೇ ಕಾಣುತ್ತೆ. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯೋದಿಲ್ಲ, ಸೀಸ ಗುಂಡಗಾಗಿ ಜಾರಿಬಿಡುತ್ತೆ. ಹಠ ಮಾಡಿ ಹಿಡಿಸಿದರೂ ಎಂಜಿನ್ನಿನ ನಡುಕಕ್ಕೆ ಎಳೆ ಎಳೆಯಾಗಿ ಮುರಿಯುತ್ತೆ. ಹೊಳೆಯೋ ತಾಮ್ರ ಸಿಗೋ ತನಕ ಕತ್ತರಿಸುತ್ತಾ ಹೋಗಿ. ಸಿಗಲಿಲ್ಲವಾ, ಸ್ವಿಚ್ಚಿನವರೆಗೂ ಪೂರಾ ಬದಲಿಸಿ, ಸ್ವಿಚ್ಚನ್ನೂ ಸೇರಿಸಿ. ಟ್ರಾನ್ಸ್‌ಮಿಟರ್ ಒಳಗೂ ಇದೇ ತಪಾಸಣೆ. ಅಲ್ಲಿ ಸೋರಿಕೆ ಕಾಣದಿದ್ದರೂ ತಂತಿ ಕಪ್ಪಾಗಿರೋದು ಮಾಮೂಲು.

ನಾಲ್ಕನೇತಂತಿ
ತಾಮ್ರತಂತಿಯವರ ಮಾತಿಗೆ ಮುಂದುವರಿಕೆ. ನಾಲ್ಕು ತಂತಿಯ ಸರ್ವೊ ಅಂದರೆ ಬ್ಯಾಟರಿಗೆ ನಡು ಟ್ಯಾಪ್ ಬೇಕು. ಪ್ಯಾಕ್ 4.8 ವೋಲ್ಟ್, ನಾಲ್ಕು ಸೆಲ್. ಎರಡನೇ ಮತ್ತು ಮೂರನೇ ಸೆಲ್ ನಡುವಿಂದ 2.4 ವೋಲ್ಟಿನ ಇನ್ನೊಂದು ತಂತಿ ಹೊರಡುತ್ತೆ. ಸರ್ವೊ ಒಳಗೆ ಎರಡು ಔಟ್‌ಪುಟ್ ಟ್ರಾನ್ಸಿಸ್ಟರ್. ಮೋಟಾರು ಒಂದು ಕಡೆ ತಿರುಗುವಾಗ ಮೇಲಿನ ಎರಡು ಸೆಲ್, ಇನ್ನೊಂದು ಕಡೆಗೆ ಕೆಳಗಿನ ಎರಡು ಸೆಲ್ ಕೆಲಸ ಮಾಡುತ್ತವೆ. ಹಾಗಾಗಿ ಸರ್ವೊಗಳೆಲ್ಲ ಎಡಕ್ಕೆ ಚುರುಕಾಗಿ, ಬಲಕ್ಕೆ ಆಮೆ ನಡಿಗೆಯಲ್ಲಿ ಹೋದರೆ ಸರ್ವೊ ಬಿಚ್ಚಬೇಡಿ. ಅರ್ಧ ಪ್ಯಾಕ್ ಇಳಿದಿದೆ, ಅಥವಾ ಟ್ಯಾಪಿನ ಕಡೆ ಎಲ್ಲೋ ಕನೆಕ್ಷನ್ ಸಡಿಲ. ಮೀಟರಿನಲ್ಲಿ ಎರಡೂ ಅರ್ಧ ಬೇರೆ ಬೇರೆ ಅಳೆಯಿರಿ.

ಹೊಸ ಪ್ಯಾಕ್ ಕಟ್ಟುವಾಗ ಟ್ಯಾಪ್ ಇರೋ ಪ್ಯಾಕ್ ಯಾರೂ ಮಾರೋದಿಲ್ಲ, ನೀವೇ ಬೆಸೆಯಬೇಕು. ಟ್ಯಾಗ್ ಇರೋ ನಿಕಲ್ ಮೆಟಲ್ ಹೈಡ್ರೈಡ್ ಎಎ ಸೆಲ್ ತಗೊಳ್ಳಿ. ಟ್ಯಾಗ್ ಇಲ್ಲದ ಸೆಲ್ಲಿಗೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಸೀಲ್ ಹಾಳಾಗುತ್ತೆ. ಕನೆಕ್ಟರ್ ಪಿನ್‌ಗಳ ಕ್ರಮ ಒಂದೊಂದು ಕಂಪನಿಯದು ಒಂದೊಂದು ಥರ. ಬಣ್ಣ ನಂಬದೆ ರಿಸೀವರ್ ಬೋರ್ಡಿನ ತನಕ ತಂತಿ ಹಿಡಿದು ನೋಡಿ, ಚೀಟಿಯಲ್ಲಿ ಬರೆದುಕೊಳ್ಳಿ.

ಹೊಸರೆಕ್ಕೆ
ಹಳೇ ಚಾರ್ಜರ್‌ನಲ್ಲಿ ಹೊಸ ಸೆಲ್ ಚಾರ್ಜ್ ಮಾಡಬಹುದಾ?

ನಾಲ್ಕನೇತಂತಿ
ಲೆಕ್ಕ ನೋಡಿ. ಅವತ್ತಿನ ಪ್ಯಾಕ್ ಸುಮಾರು 500 ಮಿಲಿಆಂಪ್ ಅವರ್, ಚಾರ್ಜರ್ ಕೊಡೋದು 50 ಮಿಲಿಆಂಪ್, ರಾತ್ರಿ ಹಾಕಿ ಬೆಳಿಗ್ಗೆ ತೆಗೆಯೋ 14–16 ಗಂಟೆಯ ಪದ್ಧತಿ. ಅದರಲ್ಲೇ 2000ದ ಸೆಲ್ ಹಾಕಿದರೆ ನಷ್ಟದ ಲೆಕ್ಕ ಸೇರಿ 56 ಗಂಟೆ ಬೇಕು. ರಾತ್ರಿ ಹಾಕಿ ಬೆಳಿಗ್ಗೆ ತೆಗೆದವರ ಪ್ಯಾಕ್ ಕಾಲು ಭಾಗ ತುಂಬಿರುತ್ತೆ ಅಷ್ಟೇ. ಇವತ್ತಿನ ಚಾರ್ಜರ್ ಬಳಸಿ, ಟ್ಯಾಪ್ ತಂತಿಯನ್ನ ಖಾಲಿ ಬಿಡಿ.

ಟ್ರಾನ್ಸ್‌ಮಿಟರಿಗೆ ಎಂಟು ಸೆಲ್, 9.6 ವೋಲ್ಟ್. ಹಗುರ ಆಗುತ್ತೆ ಅಂತ ಮೂರು ಸೆಲ್ ಲಿಥಿಯಂ ಪಾಲಿಮರ್ ಹಾಕೋರಿದ್ದಾರೆ. ತುಂಬಿದಾಗ ಅದು 12.6 ವೋಲ್ಟ್, ಕೊನೇ ಹಂತದ ಟ್ರಾನ್ಸಿಸ್ಟರ್ ಅಷ್ಟಕ್ಕೆ ಮಾಡಿದ್ದಲ್ಲ.

ತಾಮ್ರತಂತಿ
ಮೊದಲ ಸಲ ಕರೆಂಟ್ ಕೊಡುವಾಗ ಬ್ಯಾಟರಿ ಬೇಡ, ಕರೆಂಟ್ ಮಿತಿ ಇಡಬಹುದಾದ ಪವರ್ ಸಪ್ಲೈ ಬಳಸಿ. ಸರ್ವೊ ಕಳಚಿದ ರಿಸೀವರಿಗೆ 4.8 ವೋಲ್ಟ್, ಮಿತಿ 100 ಮಿಲಿಆಂಪ್. ಸರಿ ಇರೋ ರಿಸೀವರ್ 10–20 ಮಿಲಿಆಂಪ್ ಎಳೆಯುತ್ತೆ. ಮಿತಿಗೇ ಹೋಗಿ ನಿಂತರೆ ಯಾವುದೋ ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗಿದೆ. ಟ್ರಾನ್ಸ್‌ಮಿಟರಿಗೆ ಆಂಟೆನಾ ಪೂರ್ತಿ ಎಳೆದು 9.6 ವೋಲ್ಟ್ ಕೊಡಿ, 100ರಿಂದ 150 ಮಿಲಿಆಂಪ್ ಒಳಗೆ ಇದ್ದರೆ ನೆಮ್ಮದಿ. ಆಂಟೆನಾ ಇಲ್ಲದೆ ಹೆಚ್ಚು ಹೊತ್ತು ಆನ್ ಇಟ್ಟರೆ ಆ ಕೊನೇ ಟ್ರಾನ್ಸಿಸ್ಟರೇ ಬಿಸಿಯಾಗಿ ಸಾಯುತ್ತೆ.

ಬೋರ್ಡಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನ ಕೇಳದೇ ಬದಲಿಸಿಬಿಡಿ, ಒಣಗಿರುತ್ತವೆ. ಆದರೆ ಕಾಯಿಲ್‌ಗಳ ಒಳಗೆ ಮೇಣ ಹಾಕಿ ಕೂರಿಸಿದ ಫೆರೈಟ್ ತಿರುಪು ಇದೆಯಲ್ಲ, ಅದನ್ನ ಮುಟ್ಟಬೇಡಿ. ಕಬ್ಬಿಣದ ಸ್ಕ್ರೂಡ್ರೈವರ್ ಅಂತೂ ಹತ್ತಿರ ತರಲೇಬೇಡಿ. ಲೋಹ ಹತ್ತಿರ ಬಂದಾಗ ಒಂದು ಟ್ಯೂನಿಂಗ್, ತೆಗೆದಾಗ ಇನ್ನೊಂದು. ಫೆರೈಟ್ ಸೀಳಿದರೆ ಕಥೆ ಮುಗೀತು.

ರೀಡ್‌10
ಕಿತ್ತಳೆ ಅಂದರೆ 27.095. ಕ್ರಮ ಹೀಗೆ: ಕಂದು 26.995, ಕೆಂಪು 27.045, ಕಿತ್ತಳೆ 27.095, ಹಳದಿ 27.145, ಹಸಿರು 27.195, ನೀಲಿ 27.255. ಆಂಟೆನಾ ತುದಿಗೆ ಅದೇ ಬಣ್ಣದ ರಿಬ್ಬನ್ ಕಟ್ಟಬೇಕಿತ್ತು. ಒಂದೇ ಬಣ್ಣದ ಇಬ್ಬರು ಒಟ್ಟಿಗೆ ಸ್ವಿಚ್ ಹಾಕಿದರೆ ಒಂದು ವಿಮಾನ ನೆಲಕ್ಕೆ. ಮೈದಾನದ ಹಲಗೆಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ ‘ಈ ಬಣ್ಣ ಈಗ ನಂದು’ ಅನ್ನೋ ಪದ್ಧತಿ ಬಂದದ್ದು ಇದಕ್ಕೇ.

ಕ್ರಿಸ್ಟಲ್ ಜೋಡಿಯನ್ನೂ ನೋಡಿಕೊಳ್ಳಿ. ರಿಸೀವರಿನದು ಟ್ರಾನ್ಸ್‌ಮಿಟರಿಗಿಂತ 455 ಕಿಲೋಹರ್ಟ್ಸ್ ಕಡಿಮೆ. 27.095ಕ್ಕೆ ರಿಸೀವರ್ ಕ್ರಿಸ್ಟಲ್ 26.640. ಡಬ್ಬಿ ಮೇಲೆ ಎರಡಕ್ಕೂ ಒಂದೇ ಬಣ್ಣ, ಒಂದೇ ನಂಬರು ಬರೆದಿರುತ್ತಾರೆ, ಪಕ್ಕದಲ್ಲಿ ಇಂಗ್ಲಿಷಿನ ಟಿ ಅಥವಾ ಆರ್ ಅಕ್ಷರ. ಅದಲು ಬದಲು ಆದರೆ ಟ್ರಾನ್ಸ್‌ಮಿಟರ್ ಕೂಗೋದು ಒಂದು ಕಡೆ, ರಿಸೀವರ್ ಕಿವಿ ಇಡೋದು ಇನ್ನೊಂದು ಕಡೆ. ಸೆಟ್ ಸತ್ತಿದೆ ಅಂತ ಪಕ್ಕಕ್ಕಿಟ್ಟ ಎಷ್ಟೋ ಸೆಟ್‌ಗಳ ಕಾಯಿಲೆ ಇಷ್ಟೇ.

ಹರಳೆಣ್ಣೆ
ರೇಡಿಯೊದವರು ಮಾತಾಡಲಿ, ನಾನು ಎಂಜಿನ್ ನೋಡ್ತೀನಿ.

ಪ್ರೊಪೆಲರ್ ಹಿಡಿದು ತಿರುಚಬೇಡಿ, ಇಕ್ಕಳ ಅಂತೂ ಬೇಡವೇ ಬೇಡ. .35ರ ಕನೆಕ್ಟಿಂಗ್ ರಾಡ್ ತೆಳ್ಳಗಿನ ಅಲ್ಯೂಮಿನಿಯಂ, ಬಗ್ಗಿದರೆ ಆ ಎಂಜಿನ್ ಕಾಗದ ಒತ್ತೋ ಕಲ್ಲಿಗೆ ಸಮ. ಹಿಡಿದಿರೋದು ತುಕ್ಕಲ್ಲ, ನೂರಕ್ಕೆ ತೊಂಬತ್ತು ಪಾಲು ಗಟ್ಟಿಯಾದ ಹರಳೆಣ್ಣೆ. ಗ್ಲೋ ಪ್ಲಗ್ ತೆಗೆಯಿರಿ, ಹಿಂದಿನ ಮುಚ್ಚಳ ಸುಲಭಕ್ಕೆ ಬಂದರೆ ಅದನ್ನೂ. ಹೇರ್ ಡ್ರೈಯರ್ ಸಾಲೋದಿಲ್ಲ, ಹೀಟ್ ಗನ್ ಬೇಕು. ಸಿಲಿಂಡರ್ ಸುತ್ತ ಸಮನಾಗಿ ಬಿಸಿ ಮಾಡಿ, ನೀರಿನ ಹನಿ ಚುರ್ ಅನ್ನೋ ಮಟ್ಟ ಸಾಕು. ಈಗ ಪ್ರೊಪೆಲರನ್ನ ಎರಡೇ ಬೆರಳಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಅಂಟು ಕರಗಿ ಬಿಟ್ಟುಕೊಡುತ್ತೆ. ಬಿಟ್ಟ ಮೇಲೆ ಎಂಜಿನ್ ಪೂರ್ತಿ ಆರಲಿ, ಆಮೇಲೆ ಮೆಥನಾಲ್ ಹಾಕಿ ತೊಳೆದು ಹೊಸ ಎಣ್ಣೆ ಬಿಡಿ. ಬಿಸಿ ಎಂಜಿನ್ನಿಗೆ ಮೆಥನಾಲ್ ಸುರಿಯಬೇಡಿ. ಅದರ ಜ್ವಾಲೆ ಬೆಳಕಿನಲ್ಲಿ ಕಣ್ಣಿಗೇ ಕಾಣೋದಿಲ್ಲ.

ಹೊರಗಿನ ಕಂದು ಬಣ್ಣ ಹೋಗಬೇಕಾದರೆ ಪೂರಾ ಬಿಚ್ಚಿ, ರಬ್ಬರ್ ಪ್ಲಾಸ್ಟಿಕ್ ತೆಗೆದು, ಕಾರಿಗೆ ಹಾಕೋ ಎಥಿಲೀನ್ ಗ್ಲೈಕಾಲ್ ಕೂಲೆಂಟ್‌ನಲ್ಲಿ ಮುಳುಗಿಸಿ, ಕುದಿಯದ ಹಾಗೆ ಸಣ್ಣ ಉರಿಯಲ್ಲಿ ಕೆಲವು ಗಂಟೆ ಇಡಿ. ಅದು ವಿಷ, ಆ ಪಾತ್ರೆ ಮತ್ತೆ ಅಡುಗೆಗೆ ಇಲ್ಲ, ಕೆಲಸ ಮನೆಯ ಹೊರಗೆ. ಓವನ್ ಕ್ಲೀನರ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದರ ಕ್ಷಾರ ಅಲ್ಯೂಮಿನಿಯಂ ತಿಂದು ಬೂದು ಮಾಡುತ್ತೆ.

ಇಂಧನ: ಇವತ್ತಿನ ಡಬ್ಬಿಯಲ್ಲಿ ಬರೋದರಲ್ಲಿ ಎಣ್ಣೆ ಕಡಿಮೆ, ಅದೂ ಹೆಚ್ಚಿನ ಪಾಲು ಸಿಂಥೆಟಿಕ್. ಕಬ್ಬಿಣದ ಪಿಸ್ಟನ್, ಬುಷ್ ಬೇರಿಂಗ್ ಇರೋ ಹಳೇ .35ಕ್ಕೆ ಎಣ್ಣೆ 22ರಿಂದ 25 ಪರ್ಸೆಂಟ್ ಬೇಕು, ಅದರಲ್ಲಿ ಅರ್ಧಕ್ಕಿಂತ ಕಮ್ಮಿ ಇಲ್ಲದ ಹಾಗೆ ಹರಳೆಣ್ಣೆ. ನೈಟ್ರೋಮೀಥೇನ್ 5 ಸಾಕು, ಉಳಿದದ್ದು ಮೆಥನಾಲ್. ಸಿಂಥೆಟಿಕ್ ಎಣ್ಣೆ ಬಿಸಿ ಜಾಸ್ತಿಯಾದಾಗ ಸುಟ್ಟು ಹೋಗುತ್ತೆ, ಹರಳೆಣ್ಣೆ ಆ ಹೊತ್ತಿಗೇ ದಪ್ಪ ಪದರವಾಗಿ ಲೋಹ ಕಾಯುತ್ತೆ. ಇಷ್ಟು ವರ್ಷ ಆದಮೇಲೆ ಅಂಟಾಗೋದೂ ಆ ಗುಣದಿಂದಲೇ, ಅದಕ್ಕೆ ಅದನ್ನ ಬೈಯೋಕೆ ಮನಸ್ಸು ಬರೋದಿಲ್ಲ. ಪ್ರೊಪೆಲರ್ 10×6, ಹೊಸದು. ಹಳೇ ನೈಲಾನ್ ಪ್ರೊಪೆಲರ್ ಒಣಗಿ ಬಿರುಸಾಗಿರುತ್ತೆ, ಬ್ಲೇಡ್ ಕಿತ್ತು ಹಾರಿದರೆ ಎದುರಿಗಿರೋರ ಗತಿ ಕೇಳಬೇಡಿ.

ಟ್ಯಾಂಕಿನ ಒಳಗಿನ ಟ್ಯೂಬ್, ಹೊರಗಿನ ಟ್ಯೂಬ್ ಎರಡೂ ಬದಲಿಸಿ. ಒಳ ಟ್ಯೂಬ್ ಗಟ್ಟಿಯಾದರೆ ಅದರ ತುದಿಯ ಭಾರದ ಗುಂಡು (ಕ್ಲಂಕ್) ಇಂಧನದ ಹಿಂದೆ ಹೋಗೋದಿಲ್ಲ. ಮೂಗು ಕೆಳಗಾದ ತಕ್ಷಣ ಗಾಳಿ ಎಳೆದು ಎಂಜಿನ್ ನಿಲ್ಲುತ್ತೆ, ನೀವು ಸೂಜಿ ತಿರುಪನ್ನ ದಿನವಿಡೀ ತಿರುಗಿಸ್ತಾ ಕೂರ್ತೀರಿ.

ರೇಷ್ಮೆರೆಕ್ಕೆ
ಚೌಕಟ್ಟಿನ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಆ ಕಾಲದ ಸೆಲ್ಯುಲೋಸ್ ಬಾಲ್ಸಾ ಸಿಮೆಂಟ್ ಒಣಗಿ ಹರಳುಗಟ್ಟಿ ಬಿಡುತ್ತೆ. ರೆಕ್ಕೆಯನ್ನ ಎರಡು ತುದಿ ಹಿಡಿದು ಮೆಲ್ಲಗೆ ತಿರುಚಿ, ಕಿವಿಗೊಟ್ಟು ಕೇಳಿ. ‘ಟಿಕ್ ಟಿಕ್’ ಅಂದರೆ ಪಕ್ಕೆಲುಬುಗಳು ಸ್ಪಾರ್ (ರೆಕ್ಕೆಯುದ್ದದ ತೊಲೆ) ಬಿಟ್ಟಿವೆ. ಕಾಣೋ ಸಂದಿಗಳಿಗೆ ತೆಳು ಸೈನೊ ಅಂಟು (ಸೂಪರ್ ಗ್ಲೂ) ಹನಿಸಿ. ರೆಕ್ಕೆಯ ನಡುಭಾಗದ ಡೈಹೆಡ್ರಲ್ (ರೆಕ್ಕೆ ತುದಿಗಳು ಮೇಲೆದ್ದಿರೋ ಕೋನ) ಜೋಡಣೆಗೆ ಮಾತ್ರ ಎಪಾಕ್ಸಿ, ಬೇಕಾದರೆ ಮೇಲೊಂದು ಗಾಜಿನ ಬಟ್ಟೆಯ ಪಟ್ಟಿ.

ಎಂಜಿನ್ ಹಿಂದಿನ ಫೈರ್‌ವಾಲ್ ಸಾಮಾನ್ಯವಾಗಿ ಎಣ್ಣೆ ಕುಡಿದಿರುತ್ತೆ. ಎಣ್ಣೆ ಕುಡಿದ ಮರಕ್ಕೆ ಯಾವ ಅಂಟೂ ಹಿಡಿಯೋದಿಲ್ಲ. ಅಸಿಟೋನ್ ಹಚ್ಚಿ, ಆರೋ ಮೊದಲೇ ಮೆಕ್ಕೆಜೋಳದ ಪಿಷ್ಟ ದಪ್ಪಗೆ ಉದುರಿಸಿ, ಒಣಗಿದ ಮೇಲೆ ಕೆರೆದು ತೆಗೆಯಿರಿ. ಪುಡಿ ಹಳದಿಯಾಗಿ ಬರೋದು ನಿಲ್ಲೋ ತನಕ ಇದೇ. ಅಸಿಟೋನ್ ಡೋಪನ್ನೂ ಕರಗಿಸುತ್ತೆ, ರೇಷ್ಮೆಯ ಅಂಚಿಗೆ ತಾಗದ ಹಾಗೆ ನೋಡಿಕೊಳ್ಳಿ.

ರೇಷ್ಮೆಗೆ ತೇಪೆ ಹಾಕೋ ಮೊದಲು ಡೋಪ್ ಯಾವುದು ಅಂತ ಗೊತ್ತಾಗಬೇಕು. ಒಂದು ಚೂರು ಕೆರೆದು ಹೊರಗೆ ಕಲ್ಲಿನ ಮೇಲಿಟ್ಟು ಕಡ್ಡಿ ತಾಗಿಸಿ. ಭಗ್ ಅಂತ ಉರಿದು ಹೋದರೆ ನೈಟ್ರೇಟ್. ನಿಧಾನ ಉರಿದು ಹುಳಿತ ಬೆಣ್ಣೆಯ ನಾತ ಹೊಡೆದರೆ ಬ್ಯುಟಿರೇಟ್. ನೈಟ್ರೇಟ್ ಮೇಲೆ ಬ್ಯುಟಿರೇಟ್ ಕೂರುತ್ತೆ, ಬ್ಯುಟಿರೇಟ್ ಮೇಲೆ ನೈಟ್ರೇಟ್ ಕೂರೋದಿಲ್ಲ, ಪದರ ಎದ್ದು ಬರುತ್ತೆ. ಬರೀ ನೈಟ್ರೇಟ್ ಇದ್ದರೆ ಗ್ಲೋ ಇಂಧನ ತಾಗಿದಲ್ಲೆಲ್ಲ ಮೆತ್ತಗಾಗುತ್ತೆ, ಮೇಲೊಂದು ಕೋಟ್ ಬ್ಯುಟಿರೇಟ್ ಕಡ್ಡಾಯ. ಬೆರಳಿಂದ ಒತ್ತಿದಾಗ ರೇಷ್ಮೆ ಸದ್ದು ಮಾಡಿ ಸೀಳಿದರೆ ತೇಪೆಯ ಯೋಚನೆ ಬಿಡಿ, ಪೂರಾ ಹೊಸದಾಗಿ ಹೊದಿಸಬೇಕು.

2.4ಸಾಕು
ಇಷ್ಟೆಲ್ಲ ಓದಿದ ಮೇಲೆ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಈ ರೇಡಿಯೊದಲ್ಲಿ ಹಾರಿಸಬೇಡಿ. 27 ಬಹಳ ಕಡೆ ಸಿಬಿ ರೇಡಿಯೊ (ಜನಸಾಮಾನ್ಯರು ಮಾತಾಡೋ ರೇಡಿಯೊ), ಆಟಿಕೆ ಕಾರು ಎಲ್ಲದಕ್ಕೂ ಹಂಚಿಕೆಯಾದ ಜಾಗ. ಸಿಗ್ನಲ್ ಕೆಟ್ಟರೆ ಹಳೇ ರಿಸೀವರ್ ಸರ್ವೊಗಳನ್ನ ಎಲ್ಲಿಗಾದರೂ ಒಯ್ದುಬಿಡುತ್ತೆ, ಈಗಿನವುಗಳಲ್ಲಿ ಇರೋ ಫೇಲ್‌ಸೇಫ್ (ಸಿಗ್ನಲ್ ಹೋದಾಗ ಸರ್ವೊಗಳನ್ನ ಮೊದಲೇ ಗೊತ್ತು ಮಾಡಿದ ಜಾಗಕ್ಕೆ ತರೋ ವ್ಯವಸ್ಥೆ) ಅದರಲ್ಲಿಲ್ಲ. ವಿಮಾನಕ್ಕೆ ಹೊಸ 2.4 ಗಿಗಾಹರ್ಟ್ಸ್ ರಿಸೀವರ್ ಹಾಕಿ ಹಾರಿಸಿ. ಹಳೇ ಸೆಟ್ ಟೇಬಲ್ ಮೇಲೆ ಕೆಲಸ ಮಾಡಲಿ.

ರೀಡ್‌10
ಹಾಗಂದರೆ ಉಳಿಯೋದು ಬರೀ ರೆಕ್ಕೆ ಬಾಲ. ಆ ಕಾಲದ ವಿಮಾನದ ವಿನ್ಯಾಸವೇ ಅದರ ರೇಡಿಯೊ ಏನು ಮಾಡಬಲ್ಲದು ಅನ್ನೋದರ ಮೇಲೆ ನಿಂತಿತ್ತು. ಸಿಂಗಲ್ ಚಾನೆಲ್ ವಿಮಾನಗಳಿಗೆ ಅಷ್ಟು ಡೈಹೆಡ್ರಲ್ ಯಾಕೆ? ಟ್ರಾನ್ಸ್‌ಮಿಟರಿನಲ್ಲಿ ಇದ್ದದ್ದು ಒಂದೇ ಗುಂಡಿ, ವಿಮಾನದಲ್ಲಿ ಆ ಗುಂಡಿ ತಿರುಗಿಸೋದು ರಡ್ಡರ್ (ಬಾಲದ ನಿಂತ ಫಲಕ) ಒಂದೇ. ಉಳಿದ ಹೊತ್ತು ಅದು ತಾನಾಗೇ ಹಾರಬೇಕಿತ್ತು.

ಆ ರಡ್ಡರ್ ತಿರುಗಿಸೋ ಎಸ್ಕೇಪ್‌ಮೆಂಟ್ ಅನ್ನೋ ಸಾಧನ ಕೆಲಸ ಮಾಡೋದು ಹೀಗೆ. ವಿಮಾನದ ಹೊಟ್ಟೆಯುದ್ದಕ್ಕೂ ಸುತ್ತಿದ ರಬ್ಬರ್. ಅದು ತಿರುಗಿಸೋ ಪುಟ್ಟ ಚಕ್ರಕ್ಕೆ ಒಂದು ಕೊಕ್ಕೆ ಅಡ್ಡ. ಗುಂಡಿ ಒತ್ತಿದರೆ ವಿದ್ಯುತ್ ಸುರುಳಿ ಆ ಕೊಕ್ಕೆ ಎಳೆದು ಚಕ್ರ ಕಾಲು ಸುತ್ತು ಹೋಗುತ್ತೆ, ರಡ್ಡರ್ ಬಲಕ್ಕೆ. ಬಿಟ್ಟರೆ ಇನ್ನೊಂದು ಕಾಲು ಸುತ್ತು, ರಡ್ಡರ್ ನೆಟ್ಟಗೆ. ಮತ್ತೆ ಒತ್ತಿದರೆ ಎಡಕ್ಕೆ. ಅಂದರೆ ಒಂದು ಆಜ್ಞೆಗೆ ಅರ್ಧ ಸುತ್ತು, 200 ಸುತ್ತು ಸುತ್ತಿದ ರಬ್ಬರಿಗೆ 400 ಆಜ್ಞೆ. ಹೋದ ಸಲ ಯಾವ ಕಡೆ ತಿರುಗಿಸಿದ್ದೆ ಅನ್ನೋದು ಹಾರಿಸೋನ ತಲೆಯಲ್ಲಿರಬೇಕು. ಕಾಂಪೌಂಡ್ ಎಸ್ಕೇಪ್‌ಮೆಂಟ್ ಬಂದ ಮೇಲೆ ಈ ತಲೆನೋವು ಹೋಯಿತು: ಒಮ್ಮೆ ಒತ್ತಿ ಹಿಡಿದರೆ ಬಲ, ಎರಡು ಸಲ ಒತ್ತಿ ಹಿಡಿದರೆ ಎಡ. 8 ಓಮ್ ಸುರುಳಿ ಇದ್ದರೆ 3 ವೋಲ್ಟಿಗೆ 375 ಮಿಲಿಆಂಪ್, ಹಿಡಿದಷ್ಟು ಹೊತ್ತೂ. ಆ ರಬ್ಬರಿಗೆ ಗ್ಲಿಸರಿನ್ ಅಥವಾ ಹರಳೆಣ್ಣೆ ಹಚ್ಚಬೇಕು, ಮೆಷಿನ್ ಎಣ್ಣೆ ಹಚ್ಚಿದರೆ ಕೊಳೆಯುತ್ತೆ. ಎಂಜಿನ್ ನಡುಕಕ್ಕೆ ಚಕ್ರ ತಾನೇ ಒಂದು ಹಲ್ಲು ಜಾರೋದು ಇದರ ದೊಡ್ಡ ರೋಗ. ಕೊಕ್ಕೆಯ ಸ್ಪ್ರಿಂಗ್ ಬಿಗಿ ಮಾಡಿದರೆ ಜಾರೋದು ನಿಲ್ಲುತ್ತೆ, ಜಾಸ್ತಿ ಬಿಗಿ ಮಾಡಿದರೆ ಬ್ಯಾಟರಿ ಸ್ವಲ್ಪ ಇಳಿದಾಗ ಕೊಕ್ಕೆ ಏಳೋದೇ ಇಲ್ಲ.

ಅಷ್ಟರಲ್ಲೇ ಲೂಪ್ ಹೊಡೆಯುತ್ತಿದ್ದರು. ರಡ್ಡರ್ ಹಿಡಿದಿಟ್ಟರೆ ವಿಮಾನ ಸುರುಳಿಯಾಗಿ ಇಳಿದು ವೇಗ ಕಟ್ಟುತ್ತೆ, ಬಿಟ್ಟ ತಕ್ಷಣ ಆ ವೇಗದಲ್ಲೇ ಮೂಗೆತ್ತಿ ಲೂಪ್.

ಹೊಸರೆಕ್ಕೆ
ನಿಮ್ಮ ಹೆಸರಿನಲ್ಲಿರೋ ರೀಡ್ ಅಂದರೆ?

ರೀಡ್‌10
ರಿಸೀವರ್ ಒಳಗೆ ಬಾಚಣಿಗೆ ಹಲ್ಲಿನಂಥ ತೆಳು ಉಕ್ಕಿನ ಪಟ್ಟಿಗಳು, ಒಂದೊಂದೂ ಒಂದೊಂದು ಉದ್ದ. ಟ್ರಾನ್ಸ್‌ಮಿಟರ್ ಒಂದು ಸ್ವರ ಕಳಿಸಿದರೆ ಆ ಸ್ವರಕ್ಕೆ ಹೊಂದೋ ಪಟ್ಟಿ ಮಾತ್ರ ಕಂಪಿಸಿ ಸಂಪರ್ಕ ತಿರುಪಿಗೆ ತಾಗುತ್ತೆ, ಸರ್ವೊ ಓಡುತ್ತೆ. ಹತ್ತು ಪಟ್ಟಿ ಅಂದರೆ ಐದು ಕೆಲಸ, ಒಂದೊಂದಕ್ಕೆ ಎರಡು ದಿಕ್ಕು. ಕಡ್ಡಿ ಸ್ವಲ್ಪ ತಳ್ಳಿದರೆ ರಡ್ಡರ್ ಸ್ವಲ್ಪ ಅನ್ನೋದು ಇರಲಿಲ್ಲ, ಟಕ್ ಟಕ್ ಅಂತ ಲಿವರ್ ತಟ್ಟಿ ತಟ್ಟಿ ಹಾರಿಸಬೇಕಿತ್ತು. ಸಂಪರ್ಕ ಕೊಳೆಯಾದರೆ ಸಾದಾ ಬಿಳಿ ಕಾಗದದ ಪಟ್ಟಿ ನಡುವೆ ತೂರಿಸಿ ಎಳೆಯಿರಿ. ಉಪ್ಪುಕಾಗದ ತಾಗಿಸಿದರೆ ಲೇಪನ ಹೋಗುತ್ತೆ, ಪಟ್ಟಿಯ ತೂಕ ಬದಲಾಗಿ ಸ್ವರವೂ ತಪ್ಪುತ್ತೆ.

ಅದಕ್ಕೂ ಹಿಂದಿನದು ಆರ್‌ಕೆ61 ಅನ್ನೋ ಅನಿಲ ತುಂಬಿದ ವಾಲ್ವ್, ಒಂದೇ ವಾಲ್ವಿನ ರಿಸೀವರ್. ಸಿಗ್ನಲ್ ಬಂದಾಗ ಅದರ ಕರೆಂಟ್ ಕಡಿಮೆಯಾಗಿ ರಿಲೇ ಬೀಳುತ್ತೆ, ಏಳೋದಲ್ಲ. ರಿಲೇಯ ಅಂತರ ಹೊಂದಿಸುವಾಗ ಇದನ್ನ ಮರೆತರೆ ಎಲ್ಲವೂ ತಿರುಗಾಮುರುಗಾ. ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಅವಳಿ ಸಹೋದರರು 1937ರಲ್ಲಿ ‘ಗಫ್’ ಹಾರಿಸಿದಾಗ ರೇಡಿಯೊವನ್ನ ತಾವೇ ಕಟ್ಟಿದ್ದರು. ಆ ವಿಮಾನ ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ನಾಲ್ಕನೇತಂತಿ
ಇಬ್ಬರಿಗೂ ಒಪ್ಪಿಗೆಯಾಗೋ ದಾರಿ ಇದೆ. ಹಳೇ ಟ್ರಾನ್ಸ್‌ಮಿಟರ್ ಡಬ್ಬಿ, ಅದೇ ಸ್ಟಿಕ್, ಒಳಗೆ ಮಾತ್ರ 2.4. ಹಳೇ ಬೋರ್ಡನ್ನ ತಂತಿ ಕತ್ತರಿಸದೆ ಬಿಚ್ಚಿ, ಕ್ರಿಸ್ಟಲ್ ಜೊತೆ ಚೀಲದಲ್ಲಿಡಿ, ಮುಂದೆ ಯಾರಾದರೂ ವಾಪಸ್ ಹಾಕಬಹುದು. ಸ್ಟಿಕ್ಕಿನ 5 ಕಿಲೋಓಮ್ ಪೊಟೆನ್ಶಿಯೊಮೀಟರ್‌ಗಳನ್ನ ಚಿಕ್ಕ ಮೈಕ್ರೊಕಂಟ್ರೋಲರ್ ಬೋರ್ಡಿಗೆ ಕೊಟ್ಟು, ಅದರಿಂದ ಪಿಪಿಎಂ ಸಿಗ್ನಲ್ (ಎಲ್ಲ ಚಾನೆಲ್ಲೂ ಸಾಲಾಗಿ ಬರೋ ಪಲ್ಸ್ ಸರಣಿ) ತೆಗೆದು 2.4 ಮಾಡ್ಯೂಲಿಗೆ ಕೊಡಿ. ಡಬ್ಬಿ ಲೋಹದ್ದಾದ್ದರಿಂದ ಪುಟ್ಟ ಆಂಟೆನಾ ಹೊರಗಿರಲೇಬೇಕು. ಉದ್ದದ ಆಂಟೆನಾ ಸುಮ್ಮನೆ ಚಂದಕ್ಕೆ ಇರಲಿ, ತಂತಿ ಬೇಡ.

ಹಳೇ ಸರ್ವೊ ಉಳಿಸಿಕೊಳ್ಳೋದಾದರೆ ಮೂರು ವಿಷಯ. ಒಂದು, ಹೊಸ ರಿಸೀವರ್ ಕೊಡೋ ಪಲ್ಸ್ ಬಹುಪಾಲು 3.3 ವೋಲ್ಟ್, ಹಳೇ ಸರ್ವೊಗೆ ಅದು ಸಾಲದೆ ನಡುಗಬಹುದು. ಎರಡು, ಕೆಲವು ಸೆಟ್‌ಗಳಲ್ಲಿ ಪಲ್ಸ್ ತಲೆಕೆಳಗು. ಅಂಥ ಸರ್ವೊಗೆ ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್, ಬೇಸಿಗೆ 10 ಕಿಲೋಓಮ್, ಕಲೆಕ್ಟರಿನಿಂದ 4.8 ವೋಲ್ಟಿಗೆ 4.7 ಕಿಲೋಓಮ್ ಹಾಕಿದರೆ ಪಲ್ಸ್ ತಿರುಗುತ್ತೆ, ಎತ್ತರವೂ ಸಿಗುತ್ತೆ. ನೇರ ಪಲ್ಸ್ ಬೇಕಾದ ಸರ್ವೊಗೆ ಅಂಥದ್ದೇ ಎರಡು ಹಂತ. ಮೂರು, ರಿಸೀವರಿನ ಫ್ರೇಮ್ ವೇಗ (ಸರ್ವೊಗೆ ಪಲ್ಸ್ ಮತ್ತೆ ಬರೋ ಅವಧಿ) 20 ಅಥವಾ 22 ಮಿಲಿಸೆಕೆಂಡಿಗೇ ಇಡಿ. 11ರಲ್ಲಿ ಓಡಿಸಿದರೆ ಸರ್ವೊ ಬಿಸಿಯಾಗುತ್ತೆ.

2.4ಸಾಕು
ಇದಕ್ಕೆ ನನ್ನ ತಕರಾರಿಲ್ಲ. ಆದರೆ ಗುರುತ್ವ ಕೇಂದ್ರ ಮತ್ತೆ ನೋಡಿ. ಹಳೇ ಪ್ಯಾಕು, ರಿಸೀವರು ತೆಗೆದು ಹಗುರದ್ದು ಹಾಕಿದರೆ ಮೂಗು ಹಗುರವಾಗಿ ಕೇಂದ್ರ ಹಿಂದೆ ಸರಿಯುತ್ತೆ. ನಕ್ಷೆ ಇಲ್ಲದಿದ್ದರೆ ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿಂದ 25–28 ಪರ್ಸೆಂಟಿನಲ್ಲಿ ಶುರು ಮಾಡಿ. ಸೀಸ ಅಂಟಿಸೋ ಬದಲು ದೊಡ್ಡ ಬ್ಯಾಟರಿಯನ್ನೇ ಟ್ಯಾಂಕಿನ ಕೆಳಗೆ ತಳ್ಳಿ.

ತಾಮ್ರತಂತಿ
27ರಲ್ಲೇ ಹಾರಿಸ್ತೀನಿ ಅನ್ನೋರಿಗೆ: ಮೊದಲು ನಿಮ್ಮಲ್ಲಿ ಆ ತರಂಗಾಂತರಕ್ಕೆ ಅನುಮತಿ ಇದೆಯಾ ನೋಡಿ. ಆಮೇಲೆ ಆಂಟೆನಾ ಪೂರ್ತಿ ಒಳಗೆ ತಳ್ಳಿ 30 ಮೀಟರ್ ದೂರ ನಡೆಯಿರಿ, ಸರ್ವೊ ನಡುಗಬಾರದು. ಎಂಜಿನ್ ನಿಲ್ಲಿಸಿ ಒಂದು ಸಲ, ಪೂರ್ತಿ ಓಡಿಸಿ ಇನ್ನೊಂದು ಸಲ, ಹಿಡಿದುಕೊಳ್ಳೋಕೆ ಇನ್ನೊಬ್ಬರಿರಬೇಕು. ಎಂಜಿನ್ ಓಡುವಾಗ ಮಾತ್ರ ನಡುಗಿದರೆ ಲೋಹಕ್ಕೆ ಲೋಹ ಉಜ್ಜೋ ಜಾಗ ಹುಡುಕಿ. ಥ್ರಾಟಲ್‌ನ ತಂತಿ ಹಿತ್ತಾಳೆ ತೋಳಿಗೆ ನೇರ ಸಿಕ್ಕಿರೋದೇ ಹೆಚ್ಚಾಗಿ ಕಾರಣ, ನಡುವೆ ನೈಲಾನ್ ಕ್ಲೆವಿಸ್ (ತಂತಿಯನ್ನ ತೋಳಿಗೆ ಸೇರಿಸೋ ಕವಲು ಕ್ಲಿಪ್) ಹಾಕಿ. ರಿಸೀವರ್ ಆಂಟೆನಾ ಒಂದು ಮೀಟರ್ ಹತ್ತಿರ ಇರುತ್ತೆ, ಉದ್ದ ಆಯಿತು ಅಂತ ಕತ್ತರಿಸೋದು, ಸುತ್ತಿಡೋದು ಎರಡೂ ಬೇಡ.

ಹೊಸರೆಕ್ಕೆ
ಹೀಟ್ ಗನ್‌ಗೆ ಎಂಜಿನ್ ಬಿಟ್ಟುಕೊಡ್ತು. ನೆಗೆಟಿವ್ ತಂತಿ ಸ್ವಿಚ್ಚಿನ ತನಕವೂ ಕಪ್ಪು. ಹೊಸ ತಂತಿ, ಹೊಸ ಸ್ವಿಚ್, ಟ್ಯಾಪ್ ಇರೋ ಪ್ಯಾಕ್ ಹಾಕಿದ ಮೇಲೆ ಮೂರು ಸರ್ವೊ ಸರಿ. ನಾಲ್ಕನೇದು ನಡುವಿನ ಜಾಗದಲ್ಲಿ ಮಾತ್ರ ಗುರ್ ಅಂತ ನಡುಗುತ್ತೆ, ತುದಿಗಳಲ್ಲಿ ಸುಮ್ಮನಿರುತ್ತೆ.

ನಾಲ್ಕನೇತಂತಿ
ಒಳಗಿನ ಪೊಟೆನ್ಶಿಯೊಮೀಟರ್ ಪಟ್ಟಿ ನಡುವೆ ಸವೆದಿದೆ, ಸರ್ವೊ ಹೆಚ್ಚು ಹೊತ್ತು ಕೂರೋದು ಅಲ್ಲೇ ತಾನೇ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಹಾಕಿ, ಸರ್ವೊದ ಕೊಂಬನ್ನ (ಹೊರಗಿನ ತೋಳು) ಆಚೆ ಈಚೆ ಇಪ್ಪತ್ತು ಸಲ ತಿರುಗಿಸಿ. ನಿಲ್ಲದಿದ್ದರೆ ವೈಪರಿನ ಬೆರಳನ್ನ ಕೂದಲೆಳೆಯಷ್ಟು ಪಕ್ಕಕ್ಕೆ ಬಗ್ಗಿಸಿ, ಸವೆಯದ ಹೊಸ ಗೆರೆಯ ಮೇಲೆ ಓಡುತ್ತೆ. ಆಗಲೂ ಗುರ್ ಅಂದರೆ ಅದನ್ನ ಥ್ರಾಟಲ್‌ಗೆ ಹಾಕಿ, ಎಲಿವೇಟರಿಗೆ (ಮೂಗು ಏರಿಸಿ ಇಳಿಸೋ ಬಾಲದ ಫಲಕ) ಬೇಡ.